ಕಾಣೆಯಾದ ಬೆಕ್ಕಿನ ಲೆಕ್ಕ

ಹಾಸನ ಸೀಮೆಯ ಯಾವುದೋ ಒಂದು ಹಳ್ಳಿಯಲ್ಲಿ, ಕೊರವಂಗಲ ಎಂದೇ ಇಟ್ಟುಕೊಳ್ಳೋಣ, ಮೇಯಲು ಹೋದ ಹಸು ದೀಪ ಹಚ್ಚುವ ಹೊತ್ತಾದರೂ ಕೊಟ್ಟಿಗೆಗೆ ಬರಲಿಲ್ಲವೆಂದರೆ ಇಡೀ ಬೀದಿಗೆ ಸುದ್ದಿಯಾಗುತ್ತದೆ. ಹುಡುಗರು ಬ್ಯಾಟರಿ ಹಿಡಿದು ಕೆರೆಯ ಕಡೆ ಒಬ್ಬರು, ತೋಟದ ಕಡೆ ಒಬ್ಬರು ಹೊರಡುತ್ತಾರೆ. ಅಕ್ಕಪಕ್ಕದ ಊರಿಗೆ ಫೋನು ಹೋಗುತ್ತದೆ. ಹಿಂದಿನ ಕಾಲದಲ್ಲಾದರೆ ದೊಡ್ಡಿಯಲ್ಲಿ ವಿಚಾರಿಸುತ್ತಿದ್ದರು. ಅಲೆಮಾರಿ ದನ, ಕುರಿ, ಮೇಕೆ, ಕತ್ತೆ, ಹಂದಿಗಳನ್ನೆಲ್ಲ ಹಿಡಿದು ದೊಡ್ಡಿಗೆ ಅಟ್ಟಿ, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳುವ ವ್ಯವಸ್ಥೆಗೆ ಬ್ರಿಟಿಷರು 1871ರಲ್ಲೇ ಕಾಯ್ದೆ ಮಾಡಿದ್ದರು. ಈಗ ಹಸುವಿನ ಕಿವಿಗೆ ಹಳದಿ ಬಿಲ್ಲೆ ಬಂದಿದೆ. ಅದರ ಮೇಲೆ 12 ಅಂಕಿಗಳ ಸಂಖ್ಯೆ, ಆ ಸಂಖ್ಯೆಯ ಹಿಂದೆ ಒಡೆಯನ ಹೆಸರು, ಹಾಕಿಸಿದ ಲಸಿಕೆ, ಹಾಕಿದ ಕರು ಎಲ್ಲ ದಾಖಲಾಗಿರುತ್ತವೆ. ಅದೇ ಮನೆಯ ಒಲೆಯ ಪಕ್ಕದಲ್ಲಿ ಮಲಗುತ್ತಿದ್ದ ಬೆಕ್ಕು ಮೂರು ದಿನ ಕಾಣಿಸದಿದ್ದರೆ? ಮನೆಯಾಕೆ ಹಿತ್ತಿಲಿಗೆ ಹೋಗಿ ನಾಲ್ಕು ಸಲ ಕೂಗುತ್ತಾಳೆ. ಜಗಲಿಯ ಮೇಲಿಂದ ಯಾರೋ ‘ಬತ್ತದೆ ಬುಡವ್ವ, ಎಲ್ಲಿಗೋದಾತು’ ಅನ್ನುತ್ತಾರೆ. ವಾರ ಕಳೆದರೆ ಅದೇ ಬಾಯಿ ‘ಅದರ ಋಣ ಅಷ್ಟೇ ಇತ್ತು’ ಅನ್ನುತ್ತದೆ. ಈ ಎರಡು ಮಾತುಗಳ ನಡುವೆ ಹುಡುಕಾಟ ಎಂಬುದೊಂದು ನಡೆಯಬೇಕಿತ್ತು. ಅದು ನಡೆದಿರುವುದೇ ಇಲ್ಲ. ಬೆಕ್ಕು ಬರಬಹುದೆಂದು ಕಾಯುವವರ ನಿರೀಕ್ಷೆಯನ್ನು ನಾವು ಮರುಳುತನವೆಂದು ನಗೆಯಾಡುವುದರಿಂದ ನಷ್ಟವಾಗುತ್ತಿದೆ, ಆ ನಿರೀಕ್ಷೆಗೆ ಕೆಲಸ ಹಚ್ಚಿದರೆ ಅದು ಲೆಕ್ಕಕ್ಕೆ ಬರುವ ವಸ್ತು ಎಂಬುದೇ ಇವತ್ತಿನ ನನ್ನ ವಾದ.

ಲೆಕ್ಕ ಎಂದೆ. ನಮ್ಮದು ಲೆಕ್ಕ ಬರೆದಿಡುವುದರಲ್ಲಿ ಹಿಂದೆ ಬಿದ್ದ ನಾಡೇನೂ ಅಲ್ಲ. ಕೊರವಂಗಲದ ಬೂಚೇಶ್ವರ ದೇವಾಲಯವನ್ನೇ ನೋಡಿ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ಸಂಭ್ರಮಕ್ಕೆಂದು ಬೂಚಿರಾಜನೆಂಬ ಅಧಿಕಾರಿ 1173ರಲ್ಲಿ ಅದನ್ನು ಕಟ್ಟಿಸಿದ ಸಂಗತಿ ಎಂಟೂವರೆ ಶತಮಾನ ದಾಟಿ ನಮ್ಮವರೆಗೆ ಬಂದಿದೆ. ಪ್ರಾಣಿಗಳನ್ನೂ ನಮ್ಮವರು ಮರೆತವರಲ್ಲ. ಮದ್ದೂರಿನ ಬಳಿಯ ಆತಕೂರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರುವುದು, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಸಾವಿರ ವರ್ಷಕ್ಕೂ ಮೇಲ್ಪಟ್ಟು ಉಳಿಸಿಕೊಂಡಿದೆ. ತಕ್ಕೋಲದ ಯುದ್ಧದ ಕಾಲದ್ದು, ಎಂದರೆ ಕ್ರಿಸ್ತಶಕ 949–50ರದ್ದು ಆ ಶಾಸನ. ಮಣಲೇರನೆಂಬ ವೀರ ಅರಸನಿಂದ ಬೇಡಿ ಪಡೆದ ನಾಯಿ ಅದು. ನಾಯಿ ಬೇಟೆಗೆ ಒದಗುತ್ತದೆ, ಬಾಗಿಲು ಕಾಯುತ್ತದೆ, ಸಾಯುವುದಾದರೂ ನಾಲ್ಕು ಜನರ ಎದುರು ಸಾಯುತ್ತದೆ. ಹಾಗಾಗಿ ಅದಕ್ಕೆ ಕಲ್ಲು ನಿಲ್ಲುತ್ತದೆ. ಬೆಕ್ಕು ಕೆಲಸ ಮಾಡುವುದು ಕತ್ತಲಲ್ಲಿ, ಕಣಜದ ಹಿಂದೆ. ನೋವಾದರೆ ಮರೆಗೆ ಹೋಗಿ ಮಲಗುವುದು ಅದರ ಸ್ವಭಾವ. ಅದು ಮಾಡಿದ ಕೆಲಸಕ್ಕೂ ಸಾಕ್ಷಿ ಇಲ್ಲ, ಪಟ್ಟ ಪಾಡಿಗೂ ಸಾಕ್ಷಿ ಇಲ್ಲ.

ಕಾನೂನು ಕೂಡ ಬಹುಕಾಲ ಬೆಕ್ಕನ್ನು ರೂಪಾಯಿಯ ತಕ್ಕಡಿಯಲ್ಲೇ ತೂಗಿತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಆನೆ, ಒಂಟೆ, ಕುದುರೆ, ಎಮ್ಮೆ, ಎತ್ತು, ಹಸುಗಳನ್ನು ಕೊಂದರೆ ಅವುಗಳ ಬೆಲೆ ಎಷ್ಟೇ ಇರಲಿ, ಅದು ದೊಡ್ಡ ಅಪರಾಧವಾಗಿತ್ತು. ಉಳಿದ ಪ್ರಾಣಿಗಳ ಮಾತು ಬಂದಾಗ ಮಾತ್ರ ಅದರ ಬೆಲೆ ಹತ್ತು ರೂಪಾಯಿ ಮುಟ್ಟುತ್ತದೆಯೇ, ಐವತ್ತು ಮುಟ್ಟುತ್ತದೆಯೇ ಎಂಬ ಪ್ರಶ್ನೆ ಏಳುತ್ತಿತ್ತು. ಸಂತೆಯಲ್ಲಿ ಯಾರೂ ಮಾರದ, ಯಾರೂ ಕೊಳ್ಳದ, ಪಕ್ಕದ ಮನೆಯಿಂದ ಸೆರಗಿನಲ್ಲಿ ಸುತ್ತಿ ತರುವ ಬೆಕ್ಕಿನ ಮರಿಗೆ ಬೆಲೆ ಕಟ್ಟುವವರು ಯಾರು? 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಈ ಬೆಲೆಯ ಮಾತನ್ನು ಕೈಬಿಟ್ಟಿದೆ. ಯಾವುದೇ ಪ್ರಾಣಿಯನ್ನು ಕೇಡು ಬಗೆದು ಕೊಂದರೆ, ವಿಷ ಹಾಕಿದರೆ, ಊನಗೊಳಿಸಿದರೆ ಐದು ವರ್ಷದವರೆಗೆ ಸೆರೆಯಾಗಬಹುದು. ಒಳ್ಳೆಯದೇ ಆಯಿತು. ಆದರೆ ಕಾಣೆಯಾದ ಬೆಕ್ಕಿನ ವಿಷಯದಲ್ಲಿ ಅದು ಕೊಲೆಯೋ, ಅಪಘಾತವೋ, ಅಥವಾ ಎರಡು ಬೀದಿಯಾಚೆ ಯಾರದೋ ಅಟ್ಟದಲ್ಲಿ ಸಿಕ್ಕಿಕೊಂಡಿರುವುದೋ ಎಂಬುದೇ ತಿಳಿದಿರುವುದಿಲ್ಲವಲ್ಲ. ದೊಡ್ಡಿಯ ಪುಸ್ತಕದಲ್ಲಿ, ಕಿವಿಯ ಬಿಲ್ಲೆಯಲ್ಲಿ, ಸಂತೆಯ ಧಾರಣೆಯಲ್ಲಿ, ಠಾಣೆಯ ದಫ್ತರದಲ್ಲಿ, ಎಲ್ಲಿಯೂ ಹೆಸರಿಲ್ಲದ ಈ ಪ್ರಾಣಿಯ ಹೆಸರು ಕಾಣೆಯಾದ ಮೇಲೆ ಉಳಿಯುವ ಜಾಗ ಒಂದೇ: ಅದು ಬರಬಹುದೆಂದು ಕಾಯುತ್ತಿರುವ ಮನೆಯವರ ಮನಸ್ಸು. ಆ ಮನಸ್ಸು ಕೈಚೆಲ್ಲಿದ ದಿನ ಬೆಕ್ಕಿನ ಖಾತೆ ಮುಚ್ಚಿತು.

ಹೀಗೆ ಕಾಯುವವರ ದಿನಚರಿ ಹೊರಗಿನವರಿಗೆ ತಮಾಷೆಯಾಗಿ ಕಾಣುವುದುಂಟು. ರಾತ್ರಿ ಅಡಿಗೆಮನೆಯ ಕಿಟಕಿಯ ಒಂದು ಬಾಗಿಲು ತೆರೆದೇ ಇರುತ್ತದೆ. ಮಳೆ ಬಂದರೆ ಒಳಗೆ ಇರಚಲು ಬಡಿಯುತ್ತದೆ, ಮನೆಯ ಯಜಮಾನ ಗೊಣಗುತ್ತಾನೆ. ಹಾಲು ಕಾಸುವಾಗ ಒಂದು ಬಟ್ಟಲು ತಾನಾಗಿ ಪಕ್ಕಕ್ಕೆ ಬರುತ್ತದೆ. ಬೇರೆಯವರ ಬೆಕ್ಕು ಹಂಚಿನ ಮೇಲೆ ಕೂಗಿದರೂ ಎದ್ದು ಹೋಗಿ ನೋಡಬೇಕು. ನೆಂಟರ ಮದುವೆಗೆ ಎರಡು ದಿನ ಹೋಗುವುದಾದರೆ ಅಷ್ಟರೊಳಗೆ ಬಂದುಬಿಟ್ಟರೆ ಎಂಬ ಚಿಂತೆ. ಮಕ್ಕಳು ಬೇರೆ ಮರಿ ತರೋಣವೆಂದರೆ ಅಮ್ಮನಿಗೆ ಸಿಟ್ಟು, ಅಮ್ಮ ತರೋಣವೆಂದರೆ ಮಕ್ಕಳಿಗೆ ಅಳು. ಇದರಲ್ಲಿ ದುಃಖಕ್ಕಿಂತ ಹೆಚ್ಚಾಗಿ ಇರುವುದು ತೀರ್ಮಾನವಾಗದ ಸ್ಥಿತಿ. ಅಮೆರಿಕದ ಪಾಲೀನ್ ಬಾಸ್ ಎಂಬ ವಿದ್ವಾಂಸೆ ವಿಯೆಟ್ನಾಂ ಯುದ್ಧದಲ್ಲಿ ಕಣ್ಮರೆಯಾದ ಸೈನಿಕರ ಮನೆಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿ ಇಂಥ ನಷ್ಟವನ್ನು ಬೇರೆಯೇ ಬಗೆಯದೆಂದು ಗುರುತಿಸಿದರು. ಹೆಣ ಕಂಡರೆ ಅಳು ಒಂದು ಕಡೆ ನಿಲ್ಲುತ್ತದೆ. ಕಾಣದಿದ್ದರೆ ಅಳುವುದೂ ತಪ್ಪೆನಿಸುತ್ತದೆ, ಅಳದಿರುವುದೂ ತಪ್ಪೆನಿಸುತ್ತದೆ. ಸೈನಿಕನಿಗೂ ಬೆಕ್ಕಿಗೂ ಸಾಟಿ ಮಾಡುತ್ತಿದ್ದೇನೆಂದು ಯಾರೂ ಮುನಿಯಬೇಡಿ. ನಷ್ಟದ ಗಾತ್ರ ಬೇರೆ, ಅದು ಮನಸ್ಸಿನಲ್ಲಿ ಕೂರುವ ರೀತಿ ಒಂದೇ ಎನ್ನುವುದಷ್ಟೇ ನನ್ನ ಮಾತು. ಈ ಅನಿಶ್ಚಿತತೆಯಿಂದ ಬಿಡಿಸಿಕೊಳ್ಳಲಿಕ್ಕೇ ಜನ ‘ಋಣ ತೀರಿತು’ ಅನ್ನುವುದು. ಮೂರು ತಿಂಗಳು ಹುಡುಕಿದವರು ಅದನ್ನು ಹೇಳಿಕೊಂಡರೆ ಅದು ಸಮಾಧಾನ. ಮೂರನೆಯ ದಿನವೇ ಹೇಳಿದರೆ ಅದು ಸೋಮಾರಿತನಕ್ಕೆ ಹೊದಿಸಿದ ಶಾಲು.

ಇನ್ನು ಹುಡುಕುವುದಕ್ಕೆ ಆಧಾರವೇನು? ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿಕೊಂಡು ಕಾಣೆಯಾದ 1,210 ಬೆಕ್ಕುಗಳ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟಿಸಿದರು. ಮೂರರಲ್ಲೊಂದು ಪಾಲು ಬೆಕ್ಕುಗಳು ಏಳು ದಿನದೊಳಗೆ ಸಿಕ್ಕಿದ್ದವು. ವರ್ಷದೊಳಗೆ ಸಿಕ್ಕವು ನೂರಕ್ಕೆ 61. ತೊಂಬತ್ತು ದಿನ ಕಳೆದ ಮೇಲೆ ಜೀವಂತ ಸಿಕ್ಕವು ತೀರ ಕಡಿಮೆ. ಇದಕ್ಕಿಂತ ಮುಖ್ಯವಾದದ್ದು ದೂರದ ಲೆಕ್ಕ. ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಯಾವಾಗಲೂ ಮನೆಯೊಳಗೇ ಬೆಳೆದ ಬೆಕ್ಕಾದರೆ ಮುಕ್ಕಾಲು ಪಾಲಿಗೆ 137 ಮೀಟರೇ ಗಡಿ. ಹೊರಗೆ ತಿರುಗಾಡಿ ಅಭ್ಯಾಸವಿದ್ದದ್ದಾದರೆ ಅದು 1,600 ಮೀಟರಿನವರೆಗೆ ಹಿಗ್ಗುತ್ತಿತ್ತು. ಕುತೂಹಲ ಜಾಸ್ತಿ ಇರುವ ಬೆಕ್ಕು ಬೇರೆಯವರ ಮನೆಯೊಳಗೆ ಸಿಗುವ ಸಾಧ್ಯತೆ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂತು. ಕಾಲ್ನಡಿಗೆಯಲ್ಲಿ ಹುಡುಕಿದವರಿಗೆ ಬೆಕ್ಕು ಜೀವಂತ ಸಿಗುವ ಸಂಭವ ಹೆಚ್ಚು ಎಂಬುದಕ್ಕೆ ಅವರಿಗೆ ಪುರಾವೆ ಸಿಕ್ಕಿತು. ಆ ಪುರಾವೆ ಬಹಳ ಗಟ್ಟಿಯಾದದ್ದಲ್ಲ, ಸಂಖ್ಯಾಶಾಸ್ತ್ರದವರು ಒಪ್ಪುವ ಗೆರೆಯ ಈಚೆಗೇ ನಿಂತಿತ್ತು ಎಂಬುದನ್ನೂ ಹೇಳಿಬಿಡಬೇಕು. ಮುಚ್ಚಿಟ್ಟು ವಾದ ಗೆಲ್ಲುವುದರಲ್ಲಿ ಅರ್ಥವಿಲ್ಲ. ದೂರದ ಲೆಕ್ಕಕ್ಕೆ ಮಾತ್ರ ಅಂಥ ಅನುಮಾನ ಅಂಟಿಕೊಂಡಿಲ್ಲ.

ಈ 500 ಮೀಟರನ್ನು ಕೊರವಂಗಲದಂಥ ಊರಿನಲ್ಲಿ ಹಾಸಿ ನೋಡಿ. ಊರಿನ ನಡುವಿನ ಮನೆಯಾದರೆ ಒಂದು ತುದಿಯಿಂದ ಇನ್ನೊಂದು ತುದಿ ಅಷ್ಟರಲ್ಲೇ ಮುಗಿಯುತ್ತದೆ. ಎಂದರೆ ಕಾಣೆಯಾದ ಬೆಕ್ಕು ಬಹುಪಾಲು ಊರೊಳಗೇ ಇದೆ, ಕಾಣಿಸುತ್ತಿಲ್ಲ, ಅಷ್ಟೇ. ಅಡಗುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಜಾಗಕ್ಕೇನು ಬರ? ಸುಗ್ಗಿ ಮುಗಿದ ಮೇಲೆ ರಾಗಿಹುಲ್ಲಿನ ಬಣವೆ ಏಳುತ್ತದೆ. ಅದರ ಬುಡದಲ್ಲಿ ದನಕ್ಕೆ ಹಿರಿದುಹಾಕಿ ಹಾಕಿ ಆದ ಪೊಟರೆ ಬೆಕ್ಕಿಗೆ ಅರಮನೆ. ಸೌದೆ ಒಟ್ಟಿಲು, ತೆಂಗಿನ ಮಟ್ಟೆಯ ರಾಶಿ, ಪಂಪ್‌ಸೆಟ್ ಮನೆ, ಬೀಗ ಹಾಕಿಕೊಂಡು ಬೆಂಗಳೂರು ಸೇರಿದವರ ತೊಟ್ಟಿಮನೆ, ಆಲೂಗಡ್ಡೆ ದಾಸ್ತಾನಿಟ್ಟ ಕೋಣೆ. ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಕಾಯಿ ಏರಿಸುವ ದಿನ ಇಲಿಯ ವಾಸನೆ ಹಿಡಿದು ಒಳಗೆ ನುಗ್ಗಿದ ಬೆಕ್ಕಿನ ಮೇಲೆ ಬಾಗಿಲು ಬಿದ್ದರೆ ಕೇಳುವವರಿಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್‌ಗಳೂ ಹಾಗೆಯೇ. ಹದಗೊಳಿಸುವ ಕಾಲ ಬಿಟ್ಟರೆ ಉಳಿದ ತಿಂಗಳು ಅವುಗಳ ಕಡೆ ಯಾರೂ ಸುಳಿಯುವುದಿಲ್ಲ. ಇಂಥ ಜಾಗಗಳಲ್ಲಿ ಸಿಕ್ಕಿಕೊಂಡ ಬೆಕ್ಕು ‘ತಾನಾಗಿ’ ಬರುವುದು ಹೇಗೆ? ಅದು ಬರಬೇಕಾದರೆ ಯಾರಾದರೊಬ್ಬರು ಬಾಗಿಲು ತೆಗೆಯಬೇಕು. ಬಾಗಿಲು ತೆಗೆಸುವುದಕ್ಕೆ ಯಾರಾದರೊಬ್ಬರು ಹೋಗಿ ಕೇಳಬೇಕು. ಮರಿ ಹಾಕುವ ಹೆಣ್ಣುಬೆಕ್ಕಿನ ಮಾತೇ ಬೇರೆ. ಅದು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಗಬ್ಬದ ಬೆಕ್ಕು ಮರೆಯಾಯಿತೆಂದರೆ ಅಕ್ಕಪಕ್ಕದ ಅಟ್ಟಗಳನ್ನು ಮೊದಲು ನೋಡಬೇಕು.

ಹುಡುಕುವ ಹೊತ್ತೂ ಮುಖ್ಯ. ಹಗಲು ಹತ್ತು ಗಂಟೆಗೆ ಬೀದಿಯಲ್ಲಿ ನಿಂತು ಕೂಗಿದರೆ ಹೆದರಿ ಮುದುಡಿ ಕೂತ ಬೆಕ್ಕು ಉಸಿರೂ ಎತ್ತುವುದಿಲ್ಲ. ಟ್ರ್ಯಾಕ್ಟರು, ಬೈಕು, ನಾಯಿ, ಮಕ್ಕಳು ಎಲ್ಲ ಅಡಗಿದ ಮೇಲೆ, ಇಲ್ಲವೇ ಕೋಳಿ ಕೂಗುವ ಹೊತ್ತಿಗೆ ಬ್ಯಾಟರಿ ಹಿಡಿದು ಹೋಗಬೇಕು. ಬೆಕ್ಕಿನ ಕಣ್ಣಿನ ಹಿಂಪದರ ಬೆಳಕನ್ನು ಮರಳಿ ಚೆಲ್ಲುವುದರಿಂದ, ಮೈ ಕಾಣದಿದ್ದರೂ ಎರಡು ಹಸಿರು ಚುಕ್ಕಿ ಕಾಣುತ್ತವೆ. ಬೆಳಕನ್ನು ಎತ್ತರಕ್ಕೆ ಬಿಟ್ಟು ಪ್ರಯೋಜನವಿಲ್ಲ, ನೆಲಕ್ಕೆ ಬಗ್ಗಿ ಬಿಡಬೇಕು. ಹೆಸರು ಹಿಡಿದು ಮೆಲ್ಲಗೆ ಕರೆಯಬೇಕು. ಬೆಕ್ಕಿಗೆ ಅದರ ಹೆಸರು ತಿಳಿಯುತ್ತದೆಯೇ ಎಂದು ನಗುವವರಿದ್ದಾರೆ. ಜಪಾನಿನ ಅತ್ಸುಕೊ ಸೈತೊ ಎಂಬ ಸಂಶೋಧಕಿ ಮತ್ತು ಅವರ ಜೊತೆಯವರು 2013ರಲ್ಲಿ ಸಾಕುಬೆಕ್ಕು ಒಡೆಯರ ದನಿಯನ್ನು ಬೇರೆಯವರ ದನಿಯಿಂದ ಬೇರ್ಪಡಿಸಬಲ್ಲದೆಂದೂ, 2019ರಲ್ಲಿ ಅದು ತನ್ನ ಹೆಸರನ್ನು ಅದೇ ಧಾಟಿಯ ಬೇರೆ ಮಾತುಗಳಿಂದ ಬೇರ್ಪಡಿಸಬಲ್ಲದೆಂದೂ ತೋರಿಸಿದರು. ಕೇಳಿಯೂ ಎದ್ದು ಬರದಿರುವುದು ಬೆಕ್ಕಿನ ಹಕ್ಕು, ಆ ಮಾತು ಬೇರೆ. ಕೇಳಿಸುವುದಂತೂ ನಮಗಿಂತ ಚೆನ್ನಾಗಿ: ನಮ್ಮ ಕಿವಿ 20 ಸಾವಿರ ಹರ್ಟ್ಸ್‌ನ ಕಂಪನಕ್ಕೆ ನಿಂತರೆ ಬೆಕ್ಕಿನ ಕಿವಿ ಅದರ ಮೂರು ಪಟ್ಟಿಗೂ ಮೇಲೆ ಹೋಗುತ್ತದೆ. ಬಾಗಿಲ ಬಳಿ ಹಾಲು ಅನ್ನ ಇಟ್ಟು ಮಲಗುವುದು ಮಾತ್ರ ನಾವಂದುಕೊಂಡಷ್ಟು ಜಾಣತನವಲ್ಲ. ಆ ವಾಸನೆಗೆ ಬೀದಿನಾಯಿಯೋ ಊರ ಗಡವ ಬೆಕ್ಕೋ ಬಂದು ಕೂತರೆ, ಮರಳಿ ಬರಲು ಹವಣಿಸುತ್ತಿರುವ ಪ್ರಾಣಿ ಮತ್ತೆ ಹಿಂದಕ್ಕೆ ಸರಿಯುತ್ತದೆ. ಆಹಾರ ಇಟ್ಟರೆ ಎದ್ದು ಕೂತು ಕಾಯುವವರೂ ಇರಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಬೆಕ್ಕು ತಾನಾಗಿ ಬರುತ್ತದೆ ಎಂಬ ಜಗಲಿಯ ಮಾತಿಗೂ ಪುರಾವೆ ಇದೆಯಲ್ಲ? ಇದೆ. ಅಮೆರಿಕದ ಒಹಾಯೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಣೆಯಾದ 138 ಬೆಕ್ಕುಗಳಲ್ಲಿ 73 ಮರಳಿ ದಕ್ಕಿದ್ದವು, ಹಾಗೆ ದಕ್ಕಿದವುಗಳಲ್ಲಿ ಹೆಚ್ಚಿನವು ತಾವಾಗಿಯೇ ಮನೆಗೆ ಬಂದಿದ್ದವು. ಜಗಲಿಯ ಹಿರಿಯರು ಇದನ್ನು ಕೇಳಿದರೆ ನಾವು ಹೇಳಿದ್ದೇ ಸರಿ ಎಂದಾರು. ಆದರೆ ಅದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಓದಿ: 65 ಬೆಕ್ಕುಗಳು ಬರಲೇ ಇಲ್ಲ. ಬಂದ ಬೆಕ್ಕು ಮನೆಯ ನಡುವೆ ಮೈ ನೆಕ್ಕುತ್ತ ಕೂತು ತನ್ನ ಕಥೆ ತಾನೇ ಸಾರುತ್ತದೆ, ಅದನ್ನು ಕಂಡ ಊರಿಗೆ ಊರೇ ಬೆಕ್ಕು ಬರುತ್ತದೆಂದು ನಂಬುತ್ತದೆ. ಬಾರದ ಬೆಕ್ಕಿನ ಕಥೆ ಹೇಳುವುದಕ್ಕೆ ಯಾರಿದ್ದಾರೆ? ಗಾದೆಗಳೂ ರೂಢಿಯ ಮಾತುಗಳೂ ಹುಟ್ಟುವುದು ಹೆಚ್ಚಾಗಿ ಹೀಗೆ, ಬದುಕಿ ಬಂದವುಗಳ ಸಾಕ್ಷ್ಯದ ಮೇಲೆ. ತಾನಾಗಿ ಬರಬಲ್ಲ ಬೆಕ್ಕನ್ನು ನಾವು ಹುಡುಕಿದರೆ ಕಳೆದುಕೊಳ್ಳುವುದು ಒಂದೆರಡು ರಾತ್ರಿಯ ನಿದ್ದೆ. ಬರಲಾರದ ಬೆಕ್ಕನ್ನು ಹುಡುಕದೆ ಬಿಟ್ಟರೆ ಅದು ಬೀಗದ ಹಿಂದೆ ನೀರಿಲ್ಲದೆ ಸಾಯುತ್ತದೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲವಾದ್ದರಿಂದ ಹುಡುಕುವ ಕಡೆಗೇ ವಾಲುವುದು ವಿವೇಕ.

ದೂರದಿಂದ ನಡೆದು ಬಂದ ಬೆಕ್ಕುಗಳ ಕಥೆಗಳೂ ಸುಳ್ಳಲ್ಲ. ಹೆರಿಕ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ 1922ರಲ್ಲಿ ಮರಿಗಳಿದ್ದ ತಾಯಿಬೆಕ್ಕೊಂದನ್ನು ಮೈಲಿಗಟ್ಟಲೆ ದೂರ ಒಯ್ದು ಬಿಟ್ಟು ಅದು ಮತ್ತೆ ಮತ್ತೆ ಮನೆ ಸೇರಿದ್ದನ್ನು ದಾಖಲಿಸಿದ. 2013ರ ಆರಂಭದಲ್ಲಿ ಫ್ಲಾರಿಡಾದ ಹಾಲಿ ಎಂಬ ಬೆಕ್ಕು ಸುಮಾರು 320 ಕಿಲೋಮೀಟರ್ ದೂರದಿಂದ ಎರಡು ತಿಂಗಳ ಮೇಲೆ ತನ್ನ ಊರು ತಲುಪಿ ಸುದ್ದಿಯಾಯಿತು. ಬಡಕಲಾಗಿ, ಪಂಜ ಸವೆದು ಬಂದಿದ್ದ ಅದನ್ನು ಅದೇ ಬೆಕ್ಕೆಂದು ಸಾಧಿಸಿದ್ದು ಚರ್ಮದಡಿ ಹಾಕಿಸಿದ್ದ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಈ ಚಿಪ್ ಕಡ್ಡಾಯ. ನಮ್ಮ ಹಳ್ಳಿಗಳಿಗೆ ಅದು ಯಾವಾಗ ಬರುತ್ತದೋ. ಬಂದರೂ ಅದನ್ನು ಓದುವ ಯಂತ್ರ ಊರೂರಿಗೆ ಬೇಕು. ಅಲ್ಲಿಯವರೆಗೆ ಒಂದು ಫೋಟೊ, ಒಂದು ಗುರುತಿನ ಪಟ್ಟಿ ಸಾಕು. ಬೂದುಬಣ್ಣದ ಪಟ್ಟೆಬೆಕ್ಕು ಅಂದರೆ ಊರಿನ ಅರ್ಧ ಬೆಕ್ಕುಗಳಾದವು. ಬಾಲದ ತುದಿ ಡೊಂಕೇ, ಎಡಗಿವಿ ಹರಿದಿದೆಯೇ, ಎದೆಯ ಬಿಳಿಯಲ್ಲಿ ಚುಕ್ಕಿ ಇದೆಯೇ ಎಂಬುದನ್ನು ಬೆಕ್ಕು ಮಡಿಲಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣವಿದ್ದರೆ ಅದು ಹೆಚ್ಚುಕಡಿಮೆ ಖಂಡಿತ ಹೆಣ್ಣು. ಯಾರಾದರೂ ಫೋನು ಮಾಡಿ ಮೂರು ಬಣ್ಣದ ಗಂಡುಬೆಕ್ಕು ಕಂಡೆ ಎಂದರೆ ಬಹುಮಟ್ಟಿಗೆ ಅವರು ಸರಿಯಾಗಿ ನೋಡಿಲ್ಲವೆಂದೇ ಅರ್ಥ.

ದೂರ ಹೋಗುವ ಬೆಕ್ಕುಗಳಲ್ಲಿ ಎಲ್ಲವೂ ತಾವಾಗಿ ಹೋದವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹುಲ್ಲಿನ ಲಾರಿ, ಕಾಯಿ ತುಂಬಿದ ಟೆಂಪೊ ಹತ್ತಿ ಮಲಗಿ ಊರು ದಾಟಿದವು ಕೆಲವು. ಹಾಲಿಗೆ ಬಾಯಿ ಹಾಕಿತು, ಕೋಳಿಮರಿ ಹಿಡಿಯಿತು ಎಂದು ಗೋಣಿಚೀಲದಲ್ಲಿ ಕಟ್ಟಿ, ದಾರಿ ತಿಳಿಯದಿರಲೆಂದು ಹೊಳೆಯಾಚೆ ಬಿಟ್ಟು ಬರುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ದೂರವೇ ಹೋಗದೆ, ಇಲಿಪಾಷಾಣ ತಿಂದ ಇಲಿಯನ್ನು ತಿಂದು ಸಾಯುವವು ಮತ್ತೆ ಕೆಲವು. ಬ್ರೋಮಾಡಿಯೋಲೋನ್‌ನಂಥ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕಾರು ದಿನದಲ್ಲಿ ಕೊಲ್ಲುತ್ತದೆ. ಬೇಗ ಪಶುವೈದ್ಯರ ಬಳಿ ಒಯ್ದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಇದೆಲ್ಲ ಗೊತ್ತಿರುವ ಮನೆಯವರಿಗೆ ಮೊದಲು ಹುಟ್ಟುವುದು ನೆರೆಯವರ ಮೇಲಿನ ಅನುಮಾನ. ಮೊನ್ನೆ ಕೋಳಿಯ ವಿಷಯಕ್ಕೆ ಜಗಳವಾಡಿದ್ದವರು ಅವರೇ ಅಲ್ಲವೇ? ಕಾಯುವ ಬದುಕಿನ ಅತಿ ಕೆಟ್ಟ ಭಾಗ ಇದು ಎಂದು ನನಗನ್ನಿಸುತ್ತದೆ. ಬೆಕ್ಕು ಸಿಗುವುದಕ್ಕೆ ಯಾರ ಅಟ್ಟ, ಯಾರ ಕೊಟ್ಟಿಗೆ, ಯಾರ ಕಣ್ಣು ಬೇಕೋ ಅವರನ್ನೇ ಅನುಮಾನ ದೂರ ಮಾಡುತ್ತದೆ. ‘ನಿಮ್ಮ ಅಟ್ಟದ ಬಾಗಿಲು ಒಂದು ಗಳಿಗೆ ತೆಗೀತೀರಾ ಅತ್ತೆ, ನಮ್ಮ ಬೆಕ್ಕು ಸೇರ್ಕೊಂಡಿದ್ದಾತೇನೊ’ ಎಂದು ಕೇಳುವ ದನಿಯೇ ಬೇರೆ, ‘ನಮ್ಮ ಬೆಕ್ಕನ್ನ ಏನ್ ಮಾಡುದ್ರಿ’ ಎಂದು ಕೇಳುವ ದನಿಯೇ ಬೇರೆ. 500 ಮೀಟರಿನ ಆ ಒಂದು ಅಂಕಿಯನ್ನು ನಂಬುವುದರಿಂದ ಆಗುವ ದೊಡ್ಡ ಉಪಕಾರವೂ ಇದೇ. ಬಹುಪಾಲು ಬೆಕ್ಕುಗಳು ಹತ್ತಿರದಲ್ಲೇ ಅಡಗಿರುತ್ತವೆಂದು ತಿಳಿದವರಿಗೆ ಬೈಯುವುದಕ್ಕೆ ಮೊದಲು ಬಣವೆಯ ಬುಡ ನೋಡಬೇಕೆನಿಸುತ್ತದೆ. ಆಮೇಲೂ ವಿಷದ ಕುರುಹು ಸಿಕ್ಕರೆ ಕಾನೂನು ಇದ್ದೇ ಇದೆ.

ಅಮೆರಿಕ, ಆಸ್ಟ್ರೇಲಿಯಾಗಳ ಲೆಕ್ಕ ಹಾಸನಕ್ಕೆ ಹೇಗೆ ಹೊಂದುತ್ತದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅಲ್ಲಿಯ ಬೆಕ್ಕು ಸೋಫಾದ ಮೇಲೆ ಬೆಳೆದದ್ದು, ಇಲ್ಲಿಯದು ಹಂಚಿನ ಮೇಲೆ. ಆದ್ದರಿಂದಲೇ ನಾವು 137 ಮೀಟರಿನ ಲೆಕ್ಕ ಬಿಟ್ಟು ಹೊರಗೆ ತಿರುಗುವ ಬೆಕ್ಕಿನ ಒಂದೂವರೆ ಕಿಲೋಮೀಟರಿನ ಲೆಕ್ಕವನ್ನು ಹಿಡಿಯಬೇಕು. ಅಂದರೆ ಊರು ಮುಗಿದ ಮೇಲೆ ತೋಟದ ಸಾಲು, ಪಕ್ಕದ ಊರಿನ ಮೊದಲ ಮನೆಗಳು. ಬೆಕ್ಕಿನ ಭಯ, ಬೆಕ್ಕಿನ ಕಣ್ಣು, ಬೆಕ್ಕಿನ ಕಿವಿ ದೇಶಕ್ಕೊಂದು ಥರ ಇರುವುದಿಲ್ಲ. ನಮ್ಮಲ್ಲಿ ಅವರಿಗಿಲ್ಲದ ಒಂದು ಅನುಕೂಲವೂ ಉಂಟು. ಅಲ್ಲಿ ನೆರೆಯವರ ಬಾಗಿಲು ತಟ್ಟುವುದಕ್ಕೇ ಹಿಂಜರಿಕೆ. ಇಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಊರೇ ಸೇರುತ್ತದೆ. ಆ ಸಾಲಿನಲ್ಲಿ ಒಂದು ಮಾತು ಬಿಟ್ಟರೆ, ಪಕ್ಕದ ಊರಿಗೆ ಹೋಗುವ ಹಾಲಿನ ಗಾಡಿಯವನ ಕಿವಿಗೆ ಹಾಕಿದರೆ, ಯಾವ ಪತ್ರಿಕೆಯ ಜಾಹೀರಾತೂ ಮುಟ್ಟದ ಕಡೆಗೆಲ್ಲ ಸುದ್ದಿ ಮುಟ್ಟುತ್ತದೆ.

ಮಳೆ ಕೈಕೊಟ್ಟು ಆಲೂಗಡ್ಡೆ ಕೊಳೆಯುವಾಗ, ಸಾಲದ ಕಂತು ಕೂತಿರುವಾಗ ಬೆಕ್ಕಿನ ಚಿಂತೆಯೇ ಎಂದು ಕೇಳುವವರಿಗೆ ಉತ್ತರ ಉದ್ದ ಬೇಕಿಲ್ಲ. ಬೆಕ್ಕಿಗೆ ಮನುಷ್ಯನ ಮನೆಯಲ್ಲಿ ಜಾಗ ಸಿಕ್ಕಿದ್ದೇ ಧಾನ್ಯದ ದೆಸೆಯಿಂದ. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಮನುಷ್ಯನ ಗೋರಿಯೊಂದರ ಪಕ್ಕದಲ್ಲೇ ಬೆಕ್ಕನ್ನು ಹೂತದ್ದು ಸಿಕ್ಕಿದೆ. ಬೇಸಾಯ ಕಲಿತ ಜನ ಕಣಜದೊಡನೆ ಬೆಕ್ಕನ್ನೂ ಒಯ್ದಿದ್ದರು. ರಾಗಿ, ಜೋಳದ ಚೀಲ ಇರುವ ಮನೆಗೆ ಇವತ್ತಿಗೂ ಅದು ಸಂಬಳವಿಲ್ಲದ ಆಳು. ಹಕ್ಕಿಗಳನ್ನು ಕೊಲ್ಲುವ ಬೆಕ್ಕು ಹೋದರೆ ಒಳ್ಳೆಯದೇ ಆಯಿತಲ್ಲ ಎನ್ನುವ ಪಕ್ಷಿಪ್ರಿಯರ ವಾದಕ್ಕೆ ಮಾತ್ರ ನಾನು ಅರ್ಧ ತಲೆಬಾಗುತ್ತೇನೆ. ಬೆಕ್ಕು ಹಕ್ಕಿಗಳಿಗೆ ಕಂಟಕವೆಂಬುದು ನಿಜ. ಆದರೆ ಕಳೆದುಹೋದ ಬೆಕ್ಕು ಹಕ್ಕಿ ಹಿಡಿಯುವುದನ್ನು ಬಿಡುವುದಿಲ್ಲ. ಅನ್ನ ಹಾಕುವವರಿಲ್ಲದೆ ಹೆಚ್ಚಾಗಿಯೇ ಹಿಡಿಯುತ್ತದೆ, ಕಾಡುಬಿದ್ದು ಮರಿಯನ್ನೂ ಹಾಕುತ್ತದೆ. ಹಕ್ಕಿಗಳ ಮೇಲೆ ಕರುಣೆ ಇರುವವರು ಬೆಕ್ಕನ್ನು ಹುಡುಕಿ ತಂದು ಸಂತಾನಹರಣ ಚಿಕಿತ್ಸೆ ಮಾಡಿಸಿ ಎನ್ನಬೇಕು. ಬೆದೆಯ ಕಾಲದಲ್ಲಿ ಗಡವಬೆಕ್ಕು ಊರೂರು ಅಲೆಯುವುದಕ್ಕೂ ಕಾಣೆಯಾಗುವುದಕ್ಕೂ ಇರುವ ನಂಟು ಎಲ್ಲರೂ ಕಂಡದ್ದೇ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವಾಗ ಈ ಜಿಲ್ಲೆಯವರಿಗೆ ದೂರದ ನೆಪ ಹೇಳುವುದು ಕಷ್ಟ.

ಹಾಗಾದರೆ ಎಷ್ಟು ದಿನ ಹುಡುಕುವುದು? ನಿರೀಕ್ಷೆಯನ್ನು ಇಷ್ಟೆಲ್ಲ ಎತ್ತಿಹಿಡಿದ ಮೇಲೆ ಇದಕ್ಕೆ ಉತ್ತರ ಹೇಳದೆ ಜಾರಿಕೊಳ್ಳುವಂತಿಲ್ಲ. ಮನುಷ್ಯ ಕಾಣೆಯಾದರೆ ಕಾನೂನು ಏಳು ವರ್ಷ ಕಾಯುತ್ತದೆ. ಬದುಕಿದ್ದರೆ ಯಾರಿಗೆ ಸುದ್ದಿ ತಿಳಿಯಬೇಕಿತ್ತೋ ಅವರಿಗೂ ಏಳು ವರ್ಷ ತಿಳಿಯದಿದ್ದರೆ, ಆತ ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಧಿಸಬೇಕೆಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು, ಅದರ ಬದಲಿಗೆ ಬಂದ ಹೊಸ ಅಧಿನಿಯಮದಲ್ಲೂ ಇದೆ. ಆ ಅವಧಿಯಲ್ಲಿ ದೊಡ್ಡ ವಿವೇಕವಿದೆ: ಸತ್ತನೆಂದು ಅದು ಹೇಳುವುದಿಲ್ಲ, ಉಳಿದವರ ಬದುಕು ಮುಂದೆ ಸಾಗಲೆಂದು ಒಂದು ಗೆರೆ ಎಳೆಯುತ್ತದೆ. ಬೆಕ್ಕಿಗೆ ಅಂಥ ಗೆರೆಯನ್ನು ಮನೆಯವರೇ ಎಳೆದುಕೊಳ್ಳಬೇಕು. ಮೊದಲ ವಾರ ರಾತ್ರಿ ಬಿಡದೆ ಹುಡುಕುವುದು, ಏಕೆಂದರೆ ಸಿಗುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಸಿಗುತ್ತವೆ. ಆಮೇಲೆ ಮೂರು ತಿಂಗಳವರೆಗೆ ವಾರಕ್ಕೊಮ್ಮೆ ಬಾಗಿಲು ಹಾಕಿದ ಮನೆಗಳನ್ನೂ ಪಕ್ಕದ ಊರನ್ನೂ ವಿಚಾರಿಸುವುದು. ತೊಂಬತ್ತು ದಿನ ದಾಟಿದ ಮೇಲೆ ಹುಡುಕುವುದನ್ನು ನಿಲ್ಲಿಸಬಹುದು. ಹೇಳಿಟ್ಟ ಮಾತನ್ನು, ಕೊಟ್ಟಿಟ್ಟ ಫೋನ್ ನಂಬರನ್ನು ಹಿಂತೆಗೆದುಕೊಳ್ಳಬೇಕಿಲ್ಲ.

ಆ ಗೆರೆಯ ಆಚೆಗೆ ಹೊಸ ಮರಿ ತಂದರೆ ಹಳೆಯದಕ್ಕೆ ದ್ರೋಹವಾಯಿತೆಂದು ಮಕ್ಕಳು ಅತ್ತರೆ, ಇದು ಅದರ ಜಾಗಕ್ಕೆ ಬಂದದ್ದಲ್ಲವೆಂದು ಹೇಳಬೇಕು, ಹಳೆಯ ಹೆಸರನ್ನು ಇದಕ್ಕೆ ಇಡಬಾರದು. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಕಳೆದ ಬೆಕ್ಕು ಒಂದು ವೇಳೆ ಬಂದೇಬಿಟ್ಟರೆ, ಎತ್ತಿ ಮುದ್ದಾಡುವ ಆತುರ ಬೇಡ. ಅದರ ಮೈಮೇಲೆ ಕಚ್ಚಿದ ಗಾಯವಿರಬಹುದು, ಎತ್ತಿದವರನ್ನೇ ಅದು ಪರಚಬಹುದು. ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಹೊಸ ಮರಿ ಮನೆಯಲ್ಲಿದ್ದರೆ ಎರಡನ್ನೂ ಒಮ್ಮೆಗೇ ಎದುರುಬದುರು ಬಿಡದೆ, ಪಶುವೈದ್ಯರು ನೋಡುವವರೆಗೆ ಬೇರೆ ಬೇರೆ ಕೋಣೆಯಲ್ಲಿಟ್ಟು, ಒಂದು ಮಲಗಿದ ಗೋಣಿತಾಟನ್ನು ಇನ್ನೊಂದರ ಬಳಿ ಹಾಕುತ್ತ ಬಂದರೆ ವಾಸನೆ ಪರಿಚಯವಾಗಿ ಕೆಲವು ವಾರಗಳಲ್ಲಿ ಜಗಳ ತಗ್ಗುತ್ತದೆ. ಬೆಕ್ಕು ಬಂದ ಸುದ್ದಿಯನ್ನು ಡೈರಿಯ ಸಾಲಿನಲ್ಲಿ ಅವತ್ತೇ ಹೇಳಿಬಿಡಬೇಕು. ಇಲ್ಲದಿದ್ದರೆ ಯಾರೋ ಪಾಪ ನಿಮ್ಮ ಮಾತಿಗೆ ಇನ್ನೂ ಅಟ್ಟ ಹತ್ತಿ ಇಳಿಯುತ್ತಿರುತ್ತಾರೆ.